ಹಸಲ್: ಅಂಕಪಟ್ಟಿಗೆ ಕಾಣದ ಓಟ

2024ರ ಅಕ್ಟೋಬರ್ 30. ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಅಮೆರಿಕದ ಬೇಸ್‌ಬಾಲ್ ಕಿರೀಟ ತೀರ್ಮಾನಿಸುವ ಸರಣಿಯಾದ ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯ, ಐದನೇ ಇನಿಂಗ್ಸ್. ಯಾಂಕೀಸ್ ತಂಡ ಲಾಸ್ ಏಂಜಲೀಸ್ ಡಾಜರ್ಸ್‌ಗಿಂತ 5–0 ಮುಂದಿದೆ. ಡಾಜರ್ಸ್ ಓಟಗಾರರು ಮೂರೂ ಬೇಸ್‌ಗಳಲ್ಲಿ ನಿಂತಿದ್ದಾರೆ, ಆದರೆ ಎರಡು ಔಟ್ ಆಗಿವೆ. ಇನ್ನೊಂದಾದರೆ ಇನಿಂಗ್ಸ್ ಖಲಾಸ್. ಮೂಕಿ ಬೆಟ್ಸ್ ಬೀಸಿದ ಬ್ಯಾಟಿಗೆ ಚೆಂಡು ಸರಿಯಾಗಿ ಸಿಗಲಿಲ್ಲ. ಬುಗುರಿಯ ಹಾಗೆ ತಿರುಗುತ್ತ ಮೊದಲ ಬೇಸಿನ ಕಡೆಗೆ ಮೆಲ್ಲಗೆ ಉರುಳಿತು. ಅಲ್ಲಿದ್ದ ಆಂಥನಿ ರಿಝೋ, ಚೆಂಡು ಯಾವ ಕಡೆ ಜಿಗಿಯುತ್ತದೋ ಎಂಬ ಅಂಜಿಕೆಯಿಂದ ಮುಂದೆ ನುಗ್ಗದೆ, ಬೇಸಿನಿಂದ ದೂರವೇ ನಿಂತು ಹಿಡಿದ. ಇಂಥ ಹೊತ್ತಲ್ಲಿ ಪಿಚರ್, ಅಂದರೆ ಚೆಂಡೆಸೆದವನು, ಬ್ಯಾಟ್ಸ್‌ಮನ್‌ಗಿಂತ ಮೊದಲು ಓಡಿ ಬಂದು ಬೇಸ್ ಮೆಟ್ಟಬೇಕು, ರಿಝೋ ಅವನ ಕೈಗೆ ಚೆಂಡು ದಾಟಿಸಬೇಕು. ಪಿಚರ್ ಗೆರಿಟ್ ಕೋಲ್ ಸ್ವಲ್ಪ ದೂರ ಬಂದವನು ನಿಂತುಬಿಟ್ಟ. ನೀನೇ ಹೋಗಿ ಮೆಟ್ಟು ಎಂಬಂತೆ ಬೇಸಿನ ಕಡೆ ಕೈ ತೋರಿಸಿದ. ಬೆಟ್ಸ್ ಮಾತ್ರ ನಿಲ್ಲದೆ ಓಡಿ ಬೇಸ್ ಮುಟ್ಟಿದ. ಒಂದು ರನ್ ಬಂತು. ಬೆನ್ನಿಗೇ ಫ್ರೆಡ್ಡಿ ಫ್ರೀಮನ್ ಹೊಡೆತಕ್ಕೆ ಎರಡು, ಟಿಯಾಸ್ಕರ್ ಹರ್ನಾಂಡೆಝ್ ಹೊಡೆತಕ್ಕೆ ಇನ್ನೆರಡು. 5–5. ಕೊನೆಗೆ ಪಂದ್ಯ 7–6ರಲ್ಲಿ ಡಾಜರ್ಸ್ ಪಾಲಾಯಿತು, ಅದರ ಜೊತೆಗೆ ಸರಣಿಯೂ.

ಅದೇ ಇನಿಂಗ್ಸಿನಲ್ಲಿ ಏರನ್ ಜಡ್ಜ್ ಕೈಗೆ ಬಂದ ಕ್ಯಾಚ್ ಬಿಟ್ಟಿದ್ದ. ಆಂಥನಿ ವೋಲ್ಪಿ ಮೂರನೇ ಬೇಸಿಗೆ ಕೆಟ್ಟದಾಗಿ ಎಸೆದಿದ್ದ. ಈ ಇಬ್ಬರ ಹೆಸರಿಗೂ ಒಂದೊಂದು ಎರರ್, ಅಂದರೆ ಫೀಲ್ಡಿಂಗ್ ತಪ್ಪು, ಬಿತ್ತು. ಕೋಲ್ ಹೆಸರಿನ ಮುಂದೆ ಏನೂ ಇಲ್ಲ. ಅಂಕಪಟ್ಟಿಯಲ್ಲಿ ಅದು ಬೆಟ್ಸ್ ಹೊಡೆದ ಸಿಂಗಲ್ (ಒಂದು ಬೇಸಿನ ಹೊಡೆತ), ಅಷ್ಟೇ. ಕ್ಯಾಚ್ ಕೈಜಾರಿದ್ದನ್ನು ಅಭಿಮಾನಿ ಹೇಗೋ ನುಂಗಿಕೊಳ್ಳುತ್ತಾನೆ, ಮನುಷ್ಯ ಅಂದಮೇಲೆ ತಪ್ಪುತ್ತದೆ. ಓಡದೇ ನಿಂತದ್ದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಬಾಯಿಗೆ ಬರುವ ಪದವೇ ‘ಹಸಲ್’: ಇವನಿಗೆ ಹಸಲ್ ಇಲ್ಲ, ಇವನು ಹಸಲ್ ಮಾಡಲ್ಲ.

ಬೆಂಗಳೂರಿನ ಸ್ಟಾರ್ಟಪ್ ಮಂದಿಯ ಬಾಯಲ್ಲಿ ಓಡಾಡುವ ‘ಹಸಲ್’ ಬೇರೆ. ಹಗಲಿರುಳು ದುಡಿದು ಮೇಲೆ ಬರುವುದು ಅದು. ಅಮೆರಿಕದ ಬೀದಿಯ ಮಾತಿನಲ್ಲಿ ಟೋಪಿ ಹಾಕುವುದೂ ಹಸಲ್ಲೇ. ಪದದ ಬೇರು ಡಚ್ ಭಾಷೆಯಲ್ಲಿದೆ, ಅಲ್ಲಿ ಅದರ ಅರ್ಥ ಅಲುಗಾಡಿಸು, ಕುಲುಕು ಎಂದು. ಬೇಸ್‌ಬಾಲಿನಲ್ಲಿ ಮಾತ್ರ ಅರ್ಥ ಬಹಳ ಬಿಗಿ: ಫಲ ಸಿಗುವ ಭರವಸೆ ಇಲ್ಲದಿದ್ದರೂ ಪೂರ್ತಿ ವೇಗದಲ್ಲಿ ಓಡುವುದು. ನಮ್ಮಲ್ಲಿ ‘ಎದ್ದುಬಿದ್ದು ಓಡಿದ’ ಅನ್ನುತ್ತೇವಲ್ಲ, ಹತ್ತಿರ ಹತ್ತಿರ ಅದೇ. ಅದರ ಎದುರು ಪದಕ್ಕೆ ಕನ್ನಡದಲ್ಲಿ ಬರಗಾಲವೇ ಇಲ್ಲ. ಮೈಗಳ್ಳತನ, ಉಡಾಫೆ, ಅಸಡ್ಡೆ. ಎಲ್ಲಕ್ಕಿಂತ ಚೆನ್ನಾಗಿ ಕೂರುವುದು ‘ಕಾಟಾಚಾರ’. ಚೆಂಡಿನ ಹಿಂದೆ ಓಡುವುದೇನೋ ಓಡುತ್ತಾನೆ, ಆದರೆ ಕಾಟಾಚಾರಕ್ಕೆ.

ಈ ಪದಕ್ಕೆ ಹೆಸರು ತಂದವನು ಸಿನ್ಸಿನಾಟಿಯ ಪೀಟ್ ರೋಸ್. ಪಿಚರ್ ನಾಲ್ಕು ಕೆಟ್ಟ ಚೆಂಡು ಎಸೆದರೆ ಬ್ಯಾಟ್ಸ್‌ಮನ್‌ಗೆ ಮೊದಲ ಬೇಸ್ ಪುಕ್ಕಟೆ. ನಿಧಾನವಾಗಿ ನಡೆದು ಹೋಗಬಹುದು, ಅದಕ್ಕೇ ಅದರ ಹೆಸರು ‘ವಾಕ್’. ರೋಸ್ ಅದಕ್ಕೂ ಓಡುತ್ತಿದ್ದ. 1963ರ ತರಬೇತಿ ಪಂದ್ಯಗಳಲ್ಲಿ ಇದನ್ನು ನೋಡಿದ ಯಾಂಕೀಸ್ ಪಿಚರ್ ವೈಟಿ ಫೋರ್ಡ್ ‘ಚಾರ್ಲಿ ಹಸಲ್’ ಎಂದು ಛೇಡಿಸಿದ. ರೋಸ್ ಆ ಅಣಕವನ್ನೇ ಬಿರುದು ಮಾಡಿಕೊಂಡ.

ಬ್ಯಾಟಿಂಗ್ ಮಾಡುವವನ ಹಸಲ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಫೀಲ್ಡಿಂಗಿನದು ಹಾಗಲ್ಲ. ಅದಕ್ಕೆ ಮೊದಲ ಕಾರಣ ನಿಯಮ ಪುಸ್ತಕವೇ. ಎರರ್ ಕೊಡುವವನು ಅಫಿಶಿಯಲ್ ಸ್ಕೋರರ್. ಸಾಧಾರಣ ಪ್ರಯತ್ನದಿಂದ ಆಗಬೇಕಿದ್ದ ಕೆಲಸ ಕೈತಪ್ಪಿನಿಂದ ಕೆಟ್ಟರೆ ಎರರ್. ಚೆಂಡನ್ನು ನಿಧಾನವಾಗಿ ನಿಭಾಯಿಸಿದರೆ ಎರರ್ ಅಲ್ಲ. ಲೆಕ್ಕಾಚಾರ ತಪ್ಪಿದರೆ, ತಲೆ ಓಡಿಸದಿದ್ದರೆ ಸಾಮಾನ್ಯವಾಗಿ ಎರರ್ ಅಲ್ಲ. ಪಿಚರ್ ಮೊದಲ ಬೇಸಿಗೆ ಬಾರದೆ ಹೋದರೆ ಎರರ್ ಕೊಡಕೂಡದು ಎಂದು ಪುಸ್ತಕದಲ್ಲಿ ಬಿಡಿಸಿಯೇ ಬರೆದಿದೆ. ಇನ್ನು ಜಡ್ಜ್, ವೋಲ್ಪಿ ಇಬ್ಬರ ಎರರ್‌ಗಳ ಲೆಕ್ಕದಿಂದ ಆ ಇನಿಂಗ್ಸಿನ ಐದೂ ರನ್‌ಗಳು ‘ಅನ್‌ಅರ್ನ್‌ಡ್’, ಅಂದರೆ ಪಿಚರ್ ಕೋಲ್ ಖಾತೆಗೆ ಸೇರದವು! ಇನ್ನೂ ವಿಚಿತ್ರ ನೋಡಿ: ಎದ್ದುಬಿದ್ದು ಓಡಿ ಚೆಂಡಿನವರೆಗೆ ತಲುಪಿ ಕೈಜಾರಿಸಿದವನಿಗೆ ಎರರ್ ಬೀಳುವ ಅಪಾಯ ಇದ್ದೇ ಇದೆ. ಅರ್ಧ ವೇಗದಲ್ಲಿ ಹೋಗಿ ಚೆಂಡು ಮುಂದೆ ಬೀಳಲು ಬಿಟ್ಟವನ ಪುಟ ಸ್ವಚ್ಛ. ಓಡದವನಿಗೆ ರಕ್ಷಣೆ, ಓಡಿದವನಿಗೆ ದಂಡ. ಅಭಿಮಾನಿಯ ಸಿಟ್ಟಿನ ಅರ್ಧ ಪಾಲು ಇಲ್ಲೇ ಹುಟ್ಟುವುದು.

ಕೋಲ್ ಮಾಡಬೇಕಿದ್ದ ಕೆಲಸವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಬ್ಯಾಟ್ಸ್‌ಮನ್ ಓಡಬೇಕಾದ ದೂರ 90 ಅಡಿ, ಸುಮಾರು 27 ಮೀಟರ್. ಸಾಧಾರಣ ಆಟಗಾರನಿಗೆ ಇದಕ್ಕೆ 4.3 ಸೆಕೆಂಡಿನ ಆಸುಪಾಸು ಬೇಕು. ಪಿಚರ್ ನಿಂತ ಜಾಗದಿಂದ ಮೊದಲ ಬೇಸಿಗೆ ನೇರ ದೂರ ಸುಮಾರು 64 ಅಡಿ. ಅಂದರೆ ಅವನಿಗೆ 26 ಅಡಿಯ ಲಾಭವಿದೆ. ಆದರೆ ಚೆಂಡು ಎಸೆದ ರಭಸಕ್ಕೆ ಅವನ ಮೈಯೆಲ್ಲ ಮುಂದಕ್ಕೆ ವಾಲಿರುತ್ತದೆ. ಸಾವರಿಸಿಕೊಂಡು ತಿರುಗುವಷ್ಟರಲ್ಲಿ ಆ ಲಾಭ ಕರಗುತ್ತ ಬರುತ್ತದೆ. ಹಾಗಾಗಿ ಪಿಚರ್‌ಗಳಿಗೆ ಹೇಳಿಕೊಡುವ ಪಾಠ ಒಂದೇ: ಚೆಂಡು ನಿನ್ನ ಎಡಗಡೆ ಹೋಯಿತೋ, ಯಾರು ಹಿಡಿಯುತ್ತಾರೆಂದು ನೋಡುತ್ತ ನಿಲ್ಲಬೇಡ, ಮೊದಲು ಓಡು. ಓಡುವುದೂ ನೇರ ಬೇಸಿನ ಮೇಲಕ್ಕಲ್ಲ. ಬೇಸಿಗಿಂತ ಹತ್ತು ಹದಿನೈದು ಅಡಿ ಈಚೆಗೆ ಬ್ಯಾಟ್ಸ್‌ಮನ್ ಓಡುವ ಗೆರೆಯ ಹತ್ತಿರ ಬಂದು, ಬಾಳೆಹಣ್ಣಿನಂತೆ ಬಾಗಿ, ಗೆರೆಗೆ ಸಮಾನಾಂತರವಾಗಿ ಬೇಸಿನತ್ತ ಹೋಗಬೇಕು. ಚೆಂಡು ಎದೆಯ ಮಟ್ಟಕ್ಕೆ ಬರುತ್ತದೆ, ಅದನ್ನು ಮೊದಲು ಹಿಡಿ, ಆಮೇಲೆ ಬೇಸ್ ನೋಡು. ಬಲಗಾಲಿನಿಂದ ಬೇಸಿನ ಒಳ ಅಂಚು ಮೆಟ್ಟಿ ಮೈದಾನದ ಒಳಕ್ಕೆ ತಿರುಗು. ನೇರ ನುಗ್ಗಿದರೆ ಗೆರೆ ದಾಟಿ ಓಟಗಾರನಿಗೆ ಡಿಕ್ಕಿ ಹೊಡೆದು ಕಾಲು ಮುರಿದುಕೊಳ್ಳುವ ಸಂಭವವುಂಟು. ಪ್ರತಿ ವರ್ಷ ಫೆಬ್ರವರಿಯಲ್ಲಿ ತರಬೇತಿ ಶುರುವಾದಾಗ ಕೋಟಿಗಟ್ಟಲೆ ಸಂಬಳದ ಪಿಚರ್‌ಗಳೂ ಸಾಲಿನಲ್ಲಿ ನಿಂತು, ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ ಇದನ್ನೇ ಮತ್ತೆ ಮತ್ತೆ ಮಾಡುತ್ತಾರೆ. ಚೆಂಡಿನತ್ತ ಹೋಗುವ ಕೋನ ತಪ್ಪಿತು ಎಂದು ಕೋಲ್ ಆಮೇಲೆ ಒಪ್ಪಿಕೊಂಡ. ಅದು ಮೈಗಳ್ಳತನವಲ್ಲ, ತಪ್ಪು ಲೆಕ್ಕ ಎನ್ನುವವರೂ ಇದ್ದಾರೆ. ಲೆಕ್ಕ ತಪ್ಪಿದ ಮೇಲೂ ಓಡಬೇಕಿತ್ತು ಎಂಬುದೇ ಹಸಲ್ ಪದದ ಸಾರ.

ಔಟ್‌ಫೀಲ್ಡಿನಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ದೊಡ್ಡ ಲೀಗಿನ ಆಟಗಾರನ ಸರಾಸರಿ ಓಟದ ವೇಗ ಸೆಕೆಂಡಿಗೆ 27 ಅಡಿ. ಔಟ್‌ಫೀಲ್ಡರ್ ಅರ್ಧ ಸೆಕೆಂಡು ಕಳೆದರೆ ಎದುರಾಳಿ ಹದಿಮೂರು ಅಡಿ, ಅಂದರೆ ನಾಲ್ಕು ಮೀಟರ್ ಮುಂದೆ ಹೋದ ಹಾಗೆ. ಬೇಸ್ ಹತ್ತಿರ ಔಟೋ ಅಲ್ಲವೋ ತೀರ್ಮಾನವಾಗುವುದು ಒಂದೆರಡು ಅಡಿಯಲ್ಲಿ. ಮೊದಲ ಬೇಸ್ ಸುತ್ತುವ ಓಟಗಾರ ಚೆಂಡನ್ನಷ್ಟೇ ನೋಡುವುದಿಲ್ಲ, ಫೀಲ್ಡರ್‌ನ ಭುಜ ನೋಡುತ್ತಾನೆ. ಫೀಲ್ಡರ್ ಆರಾಮಾಗಿ ಬರುತ್ತಿದ್ದಾನೆ ಅನ್ನಿಸಿತೋ, ನಿಲ್ಲದೆ ಎರಡನೇ ಬೇಸಿಗೆ ನುಗ್ಗುತ್ತಾನೆ. ಹೀಗೆ ಸಿಂಗಲ್ ಡಬಲ್ ಆಗುತ್ತದೆ. ಇದಕ್ಕೂ ಎರರ್ ಇಲ್ಲ.

ಎರಡೂ ಕಡೆಯ ಓಟ ಒಂದೇ ಚೆಂಡಿನಲ್ಲಿ ಕಂಡದ್ದು 2009ರ ಜೂನ್ 12ರಂದು. ಮೆಟ್ಸ್ 8, ಯಾಂಕೀಸ್ 7, ಒಂಬತ್ತನೇ ಇನಿಂಗ್ಸ್, ಎರಡು ಔಟ್. ಯಾಂಕೀಸ್‌ನ ಅಲೆಕ್ಸ್ ರಾಡ್ರಿಗೆಝ್ ಹೊಡೆದ ಚೆಂಡು ಎತ್ತರಕ್ಕೆ ಹಾರಿ ಎರಡನೇ ಬೇಸಿನ ಹಿಂದೆ ಇಳಿಯಿತು. ಗಲ್ಲಿ ಹುಡುಗರೂ ಹಿಡಿಯುವ ಕ್ಯಾಚ್. ಒಳ್ಳೆಯ ಫೀಲ್ಡಿಂಗಿಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಯನ್ನು ಮೂರು ಬಾರಿ ಗೆದ್ದಿದ್ದ ಮೆಟ್ಸ್‌ನ ಲೂಯಿಸ್ ಕ್ಯಾಸ್ಟಿಯೋ ಒಂದೇ ಕೈಯೊಡ್ಡಿದ. ಚೆಂಡು ಪುಟಿದು ಕೆಳಗೆ ಬಿತ್ತು. ಎತ್ತಿಕೊಂಡು ಎರಡನೇ ಬೇಸಿಗೆ ಎಸೆದ. ಅಷ್ಟರಲ್ಲಿ ಎರಡನೇ ಬೇಸಿನಲ್ಲಿದ್ದ ಡೆರೆಕ್ ಜೀಟರ್ ರನ್ ಸಿಗುವ ಹೋಮ್ ಬೇಸ್ ತಲುಪಿದ್ದ, ಮೊದಲ ಬೇಸಿನಿಂದ ಹೊರಟಿದ್ದ ಮಾರ್ಕ್ ಟೆಶೇರಾ ಕೂಡ ತಲುಪಿದ. ಕ್ಯಾಚ್ ಆಗಿಯೇ ಆಗುತ್ತದೆಂದು ಗೊತ್ತಿದ್ದೂ ಟೆಶೇರಾ ತಲೆ ಬಗ್ಗಿಸಿ ಪೂರ್ತಿ ಓಡಿದ್ದ. 9–8.

ಅಭಿಮಾನಿಗಳು ಕೂಗಬಹುದು ಅಷ್ಟೇ. ಶಿಕ್ಷೆ ಕೊಡುವ ಅಧಿಕಾರ ತಂಡ ನಡೆಸುವ ಮ್ಯಾನೇಜರ್‌ನದು. ಅತ್ಯಂತ ಮೌನವಾದ ಶಿಕ್ಷೆ ಎಂದರೆ 1969ರ ಜುಲೈ 30ರದು. ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಮೆಟ್ಸ್ ತಂಡ ಹ್ಯೂಸ್ಟನ್ ಕೈಯಲ್ಲಿ ಒದೆ ತಿನ್ನುತ್ತಿತ್ತು. ಎಡಗಡೆ ಬಂದ ಹೊಡೆತಕ್ಕೆ ಕ್ಲಿಯಾನ್ ಜೋನ್ಸ್ ಮನಸ್ಸಿಟ್ಟು ಓಡಲಿಲ್ಲ. ಮ್ಯಾನೇಜರ್ ಗಿಲ್ ಹಾಜಸ್ ಡಗ್‌ಔಟ್‌ನಿಂದ ಎದ್ದು ಬಂದರು. ಪಿಚರ್ ಹತ್ತಿರ ಹೋಗುತ್ತಾರೇನೋ ಅಂದುಕೊಂಡರೆ ಅವನನ್ನು ದಾಟಿದರು, ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪನ್ನೂ ದಾಟಿದರು, ಲೆಫ್ಟ್ ಫೀಲ್ಡಿನವರೆಗೂ ನಡೆದೇ ಹೋದರು. ಎರಡು ಮಾತಾಡಿ ತಿರುಗಿ ನಡೆದರು. ಜೋನ್ಸ್ ಹಿಂದೆಯೇ ಬಂದ. ಕಾಲು ನೋವು ಎಂದು ಹೊರಗೆ ಹೇಳಲಾಯಿತು. ಜೋನ್ಸ್ ಆಗ ತಂಡದ ಅತ್ಯುತ್ತಮ ಬ್ಯಾಟ್ಸ್‌ಮನ್. ಅದೇ ವರ್ಷದ ವರ್ಲ್ಡ್ ಸೀರೀಸ್ ಮೆಟ್ಸ್ ಗೆದ್ದಾಗ ಕೊನೆಯ ಕ್ಯಾಚ್ ಹಿಡಿದವನೂ ಅವನೇ.

ಇದರ ತದ್ವಿರುದ್ಧ 1977ರ ಜೂನ್ 18. ಬಾಸ್ಟನ್‌ನಲ್ಲಿ ಜಿಮ್ ರೈಸ್ ಹೊಡೆತದ ಹಿಂದೆ ಯಾಂಕೀಸ್‌ನ ರೆಜಿ ಜ್ಯಾಕ್ಸನ್ ನಿಧಾನ ಮಾಡಿದನೆಂದು ಮ್ಯಾನೇಜರ್ ಬಿಲ್ಲಿ ಮಾರ್ಟಿನ್ ಇನಿಂಗ್ಸಿನ ನಡುವೆಯೇ ಬದಲಿ ಕಳಿಸಿದರು. ಡಗ್‌ಔಟ್‌ನಲ್ಲಿ ಇಬ್ಬರೂ ಕೈಕೈ ಮಿಲಾಯಿಸುವ ಹಂತಕ್ಕೆ ಬಂದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. 2010ರ ಮೇನಲ್ಲಿ ಫ್ಲಾರಿಡಾ ಮಾರ್ಲಿನ್ಸ್‌ನ ಹ್ಯಾನ್ಲಿ ರಮಿರೆಝ್ ಕಾಲಿಗೆ ತಾಗಿ ಚೆಂಡು ಲೆಫ್ಟ್ ಫೀಲ್ಡಿನ ಮೂಲೆಗೆ ಹೋದಾಗ ಅವನು ವಾಯುವಿಹಾರಕ್ಕೆ ಹೊರಟವನಂತೆ ಹಿಂದೆ ಹೋದ. ಎರಡು ರನ್ ಹೋಯಿತು, ಮ್ಯಾನೇಜರ್ ಹೊರಗೆ ಕೂರಿಸಿದರು. ಅದೇ ಪಂದ್ಯದಲ್ಲಿ ಅದಕ್ಕೂ ಮೊದಲೇ ಅವನ ಕಾಲಿಗೆ ಇನ್ನೊಂದು ಚೆಂಡು ಬಡಿದಿತ್ತು ಎಂಬುದನ್ನೂ ಹೇಳಬೇಕು.

ಏಕೆಂದರೆ ಅಭಿಮಾನಿಯ ಕಣ್ಣೂ ಮೋಸಹೋಗುತ್ತದೆ. ಅಟ್ಲಾಂಟಾದ ಆಂಡ್ರೂ ಜೋನ್ಸ್‌ನನ್ನು 1998ರಲ್ಲಿ ಮ್ಯಾನೇಜರ್ ಬಾಬಿ ಕಾಕ್ಸ್ ಇದೇ ತಪ್ಪಿಗೆ ಪಂದ್ಯದ ನಡುವೆ ಹೊರಗೆ ಕರೆದಿದ್ದರು. ಅದೇ ವರ್ಷ ಅವನಿಗೆ ಗೋಲ್ಡ್ ಗ್ಲವ್ ಬಂತು, ಅದೂ ಸೇರಿ ಸತತ ಹತ್ತು ವರ್ಷ ಬಂತು. ಆ ಒಂದು ಚೆಂಡಿಗೆ ಓಡದಿದ್ದದ್ದು ನಿಜ. ಉಳಿದ ದಿನಗಳಲ್ಲಿ ಅವನು ಸೋಮಾರಿಯಂತೆ ಕಂಡದ್ದು ಬ್ಯಾಟಿಗೆ ಚೆಂಡು ತಾಗುತ್ತಿದ್ದಂತೆಯೇ ಸರಿಯಾದ ದಿಕ್ಕಿಗೆ ಹೊರಟುಬಿಡುತ್ತಿದ್ದುದರಿಂದ. ಹಾರುವ ಪ್ರಮೇಯವೇ ಬರುತ್ತಿರಲಿಲ್ಲ. ತಡವಾಗಿ ಹೊರಟವನು ಕೊನೆಗೆ ಹಾರಿ ಹಿಡಿಯುತ್ತಾನೆ, ಅಂಗಿ ಮಣ್ಣಾಗುತ್ತದೆ, ಚಪ್ಪಾಳೆ ಬೀಳುತ್ತದೆ. 2015ರಿಂದ ಎಲ್ಲ ಮೈದಾನಗಳಲ್ಲೂ ಇರುವ ಸ್ಟ್ಯಾಟ್‌ಕ್ಯಾಸ್ಟ್ ವ್ಯವಸ್ಥೆ ಇದನ್ನು ಅಳೆಯುತ್ತದೆ: ಪಿಚರ್ ಚೆಂಡು ಬಿಟ್ಟ ಮೊದಲ 3 ಸೆಕೆಂಡಿನಲ್ಲಿ ಔಟ್‌ಫೀಲ್ಡರ್ ಸರಿಯಾದ ದಿಕ್ಕಿಗೆ ಎಷ್ಟು ಅಡಿ ಕ್ರಮಿಸಿದ ಎಂಬ ಲೆಕ್ಕಕ್ಕೆ ‘ಜಂಪ್’ ಎಂದು ಹೆಸರು. ಟಿವಿಯಲ್ಲಿ ಈ ಓಟದ ಆರಂಭ ಸಾಮಾನ್ಯವಾಗಿ ಕಾಣುವುದಿಲ್ಲ, ಕ್ಯಾಮೆರಾ ಆಗಿನ್ನೂ ಬ್ಯಾಟ್ಸ್‌ಮನ್ ಮೇಲಿರುತ್ತದೆ.

ಓಡದಿರುವುದೇ ಸರಿಯಾದ ಸಂದರ್ಭವೂ ಉಂಟು. ಎರಡು ರನ್ ಮುಂದಿರುವಾಗ ಕೈಗೆಟುಕದ ಚೆಂಡಿಗೆ ಹಾರಿ ತಪ್ಪಿಸಿಕೊಂಡರೆ ಸಿಂಗಲ್ ಟ್ರಿಪಲ್ ಆಗುತ್ತದೆ. ಎರಡು ಹೆಜ್ಜೆ ಹಿಂದೆ ನಿಂತು ಒಂದು ಪುಟ ಬಿಟ್ಟು ಹಿಡಿಯುವವನೇ ಜಾಣ. ವರ್ಷಕ್ಕೆ 162 ಪಂದ್ಯ, ಆರು ತಿಂಗಳು, ತೊಡೆಯ ಹಿಂಭಾಗದ ಸ್ನಾಯು ಒಮ್ಮೆ ಹರಿದರೆ ತಿಂಗಳುಗಟ್ಟಲೆ ಹೊರಗೆ. ಸ್ವಲ್ಪ ಉಳಿಸಿಕೊಂಡು ಓಡು ಎಂದು ತಂಡದವರೇ ಹೇಳಿರುತ್ತಾರೆ. ಇನ್ನೊಂದು ಕಹಿ ಮಾತು: ‘ಸೋಮಾರಿ’ ಎಂಬ ಹಣೆಪಟ್ಟಿ ಕಪ್ಪು ಮತ್ತು ಲ್ಯಾಟಿನ್ ಅಮೆರಿಕನ್ ಆಟಗಾರರಿಗೆ ಬೇಗ ಅಂಟುತ್ತ ಬಂದಿದೆ. ಪೋರ್ಟೊ ರಿಕೊದ ರೊಬರ್ಟೊ ಕ್ಲೆಮೆಂಟೆಯನ್ನು ನೋವಿನ ನಾಟಕ ಆಡುವವನೆಂದು ಪತ್ರಿಕೆಗಳು ಹಂಗಿಸಿದ್ದವು. ಅವನ ಗೋಲ್ಡ್ ಗ್ಲವ್‌ಗಳು ಹನ್ನೆರಡು.

ಹಾಗಿದ್ದರೆ ನಿಜವಾದ ಹಸಲ್ ಎಲ್ಲಿ ಕಾಣುತ್ತದೆ? ಚೆಂಡು ಇಲ್ಲದ ಕಡೆ. ಮುಂದಿನ ಸಲ ಪಂದ್ಯ ನೋಡುವಾಗ, ಬೇಸ್‌ಗಳೆಲ್ಲ ಖಾಲಿಯಿದ್ದು ಶಾರ್ಟ್‌ಸ್ಟಾಪ್ ಕೈಗೆ ಮಾಮೂಲಿ ಚೆಂಡು ಹೋದಾಗ, ಬ್ಯಾಟ್ಸ್‌ಮನ್ ಹಿಂದೆ ಕೂರುವ ಕ್ಯಾಚರ್‌ನನ್ನು ಗಮನಿಸಿ. ಮಾಸ್ಕ್ ಕಿತ್ತೆಸೆದು, ಎದೆಗವಚ, ಮೊಣಕಾಲಿನ ಕವಚಗಳ ಸಮೇತ ಓಟಗಾರನ ಹಿಂದೆಯೇ ಮೊದಲ ಬೇಸಿನ ಆಚೆ ಬದಿಗೆ ಓಡುತ್ತಿರುತ್ತಾನೆ. ಅತ್ತ ರೈಟ್ ಫೀಲ್ಡರ್ ಕೂಡ ಒಳಕ್ಕೆ ಬರುತ್ತಿರುತ್ತಾನೆ. ಥ್ರೋ ತಪ್ಪಿದರೆ ಹಿಡಿಯಲು, ನಮ್ಮ ಕ್ರಿಕೆಟ್ಟಿನಲ್ಲಿ ಓವರ್‌ಥ್ರೋ ತಡೆಯಲು ನಿಲ್ಲುತ್ತಾರಲ್ಲ, ಹಾಗೆ. ಥ್ರೋ ತಪ್ಪುವುದು ಅಪರೂಪ. ಔಟ್ ಆದೊಡನೆ ಕ್ಯಾಚರ್ ಬೆವರು ಒರೆಸಿಕೊಳ್ಳುತ್ತ ಹಿಂದಿರುಗಿ, ಬಿದ್ದಿದ್ದ ಮಾಸ್ಕ್ ಎತ್ತಿ ಮಣ್ಣು ಕೊಡವಿ, ಮತ್ತೆ ಕುಕ್ಕರುಗಾಲಿನಲ್ಲಿ ಕೂರುತ್ತಾನೆ.