ಉಗುಳಬಹುದು ಅಂದಾಗಲೇ ಬಾಯಿ ತೆರೆಯುವುದು

ನನ್ನ ಮೇಜಿನ ಮೇಲೆ ಸದಾ ಒಂದು ಟಿಶ್ಯೂ ಡಬ್ಬ ಇರುತ್ತದೆ. ಕಣ್ಣೀರು ಒರೆಸಿಕೊಳ್ಳಲು ಇಟ್ಟಿರಬೇಕು ಅಂತ ಬಂದವರು ಅಂದುಕೊಳ್ಳುತ್ತಾರೆ. ಅದು ಇರುವುದು ಉಗುಳಲು.

ಆಹಾರ ಸಲಹೆಗೆ ನನ್ನ ಹತ್ತಿರ ಬರುವವರಲ್ಲಿ "ಮಗು ಏನೂ ತಿನ್ನಲ್ಲ" ಅನ್ನುವ ಅಪ್ಪ ಅಮ್ಮಂದಿರೇ ಜಾಸ್ತಿ. ದೊಡ್ಡವರೂ ಬರುತ್ತಾರೆ, ಸ್ವಲ್ಪ ನಾಚಿಕೊಂಡು. ನಲವತ್ತು ದಾಟಿದ ಒಬ್ಬರು ಬಂದಿದ್ದರು. ಏಳೆಂಟು ಪದಾರ್ಥ ಬಿಟ್ಟರೆ ಬೇರೇನೂ ಮುಟ್ಟುತ್ತಿರಲಿಲ್ಲ. ಯಾರಾದರೂ ಊಟಕ್ಕೆ ಕರೆದರೆ ಹೊಟ್ಟೆ ಸರಿಯಿಲ್ಲ ಅಂತ ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. "ಅಣಬೆ ಅಂದ್ರೆ ನಂಗಾಗಲ್ಲ ಮೇಡಂ" ಅಂದರು. ಎಷ್ಟು ಸಲ ತಿಂದಿದ್ದೀರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದ್ ಸಲಾನೂ ಇಲ್ಲ" ಅಂದರು.

ರುಚಿಯನ್ನೇ ನೋಡದವರು ರುಚಿಗೆ ಹೆದರಿರಲು ಸಾಧ್ಯವಿಲ್ಲ, ಅಲ್ವಾ? ಅವರಿಗೆ ಇದ್ದದ್ದು ಹೊಸದರ ಭಯ. ಈ ಭಯವನ್ನು ಅಳೆಯಲು ಪ್ಲೈನರ್ ಮತ್ತು ಹಾಬ್ಡೆನ್ ಎಂಬ ಸಂಶೋಧಕರು 1992ರಲ್ಲಿ 10 ಹೇಳಿಕೆಗಳ ಒಂದು ಅಳತೆಗೋಲು ಮಾಡಿದರು. ಅದು ಈಗಲೂ ಬಳಕೆಯಲ್ಲಿದೆ. ಭಯಕ್ಕೆ ಕಾರಣವೂ ಇದೆ. ನಾವು ಸೊಪ್ಪು, ಕಾಯಿ, ಮಾಂಸ, ಕಾಳು ಎಲ್ಲವನ್ನೂ ತಿನ್ನುವ ಪ್ರಾಣಿ. ಹೊಸದರಿಂದ ಹೊಟ್ಟೆ ತುಂಬಬಹುದು, ವಿಷವೂ ಏರಬಹುದು. ಹಾಗಾಗಿ ಗೊತ್ತಿಲ್ಲದ್ದನ್ನು ಕಂಡರೆ ಹಿಂಜರಿಯುವುದು ಹುಟ್ಟಿನಿಂದಲೇ ಬಂದದ್ದು. ಎರಡರಿಂದ ಆರು ವರ್ಷದವರೆಗೆ ಇದು ಜೋರಾಗಿರುತ್ತದೆ. ಆಮೇಲೆ ಬಹಳಷ್ಟು ಜನರಲ್ಲಿ ತಾನಾಗಿ ಇಳಿಯುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ.

ಎಲ್ಲ "ಆಗಲ್ಲ"ಗಳೂ ಒಂದೇ ಥರ ಇರುವುದಿಲ್ಲ. ಒಮ್ಮೆ ಏನೋ ತಿಂದು ರಾತ್ರಿಯಿಡೀ ವಾಂತಿಯಾದರೆ ಆ ಪದಾರ್ಥದ ವಾಸನೆಗೇ ಹೊಟ್ಟೆ ತೊಳಸುತ್ತದೆ. ವಾಂತಿಗೆ ನಿಜವಾದ ಕಾರಣ ಬೇರೆ ಇದ್ದರೂ ಅಷ್ಟೇ. 1955ರಲ್ಲಿ ಜಾನ್ ಗಾರ್ಸಿಯಾ ಮತ್ತು ಜೊತೆಗಾರರು ಇದನ್ನು ಇಲಿಗಳಲ್ಲಿ ತೋರಿಸಿದರು. ಸಿಹಿ ಬೆರೆಸಿದ ನೀರು ಕುಡಿಯುವಾಗ ಹೊಟ್ಟೆ ಕೆಡಿಸುವ ವಿಕಿರಣಕ್ಕೆ ಒಳಗಾದ ಇಲಿಗಳು ಆಮೇಲೆ ಆ ಸಿಹಿ ಬೆರೆಸಿದ ನೀರಿನಿಂದ ದೂರ ಉಳಿದವು. ಇನ್ನು ಹೇಸಿಗೆಯ ಕಥೆ ಬೇರೆ. ಪಾಲ್ ರೋಜಿನ್ ಮತ್ತು ಸಂಗಡಿಗರು 1986ರ ಒಂದು ಪ್ರಯೋಗದಲ್ಲಿ ಒಳ್ಳೆಯ ಚಾಕೊಲೇಟನ್ನೇ ನಾಯಿ ಕಕ್ಕದ ಆಕಾರದಲ್ಲಿ ಕೊಟ್ಟರು. ಚಾಕೊಲೇಟ್ ಅಂತ ಗೊತ್ತಿದ್ದೂ ಜನ ಹಿಂದೆ ಸರಿದರು. "ಒಳ್ಳೇದು ತಿನ್ನು" ಅಂತ ಉಪದೇಶ ಮಾಡಿದರೆ ಯಾಕೆ ಕೆಲಸ ಆಗುವುದಿಲ್ಲ ಅಂತ ಇದರಿಂದ ಗೊತ್ತಾಗುತ್ತದೆ.

ಅಣಬೆಯವರ ತೊಡಕು ಎಲ್ಲಿ ಅಂತ ಹುಡುಕಿದೆವು. ಬಣ್ಣ ನೋಡಲು ಅಡ್ಡಿಯಿಲ್ಲ. ವಾಸನೆಯೂ ಪರವಾಗಿಲ್ಲ. ಬೆರಳಲ್ಲಿ ಒತ್ತಿ ನೋಡಿದರು ನೋಡಿ, ಮುಖ ಸಿಂಡರಿಸಿತು. "ಇದು ರಬ್ಬರ್ ಥರ, ಒಳಗೆ ಲೋಳೆ ಇರತ್ತೆ" ಅಂದರು. ಸರಿ, ಶತ್ರು ಸಿಕ್ಕಿದ. ಅದೇ ಅಣಬೆಯನ್ನು ತೆಳ್ಳಗೆ ಹೆಚ್ಚಿ, ನೀರು ಪೂರ್ತಿ ಆರಿ ಅಂಚು ಗರಿಯಾಗುವವರೆಗೆ ಹುರಿದು ತರಲು ಹೇಳಿದೆ.

ಮುಂದಿನ ವಾರ ತಂದರು. ಅದರಿಂದ ಅಕ್ಕಿಕಾಳಿನಷ್ಟು ಚೂರು ಮುರಿದು ಚಮಚದ ತುದಿಯಲ್ಲಿಟ್ಟೆ. ಟಿಶ್ಯೂ ಅವರ ಕೈಗೆ ಕೊಟ್ಟೆ. ನಿಯಮ ಒಂದೇ: ನಾಲಿಗೆಗೆ ತಾಗಬೇಕು, ನುಂಗಬೇಕಿಲ್ಲ. ಮೂಗು ಹಿಡಿದುಕೊಂಡು ಬಾಯಿಗೆ ಹಾಕಿಕೊಂಡರು. ಮೂಗು ಮುಚ್ಚಿದರೆ ಉಪ್ಪು, ಸಿಹಿ, ಹುಳಿ, ಕಹಿಯಂಥವು ಮಾತ್ರ ತಿಳಿಯುತ್ತವೆ. ನಾವು ರುಚಿ ಅನ್ನುವುದರ ದೊಡ್ಡ ಪಾಲು ಗಂಟಲಿನ ಹಿಂದಿನಿಂದ ಮೂಗಿಗೆ ಏರುವ ವಾಸನೆ. ಎರಡು ಸಲ ಅಗಿದರು, ಮೂಗು ಬಿಟ್ಟರು, ಕಣ್ಣು ಅಗಲ ಮಾಡಿದರು, ಉಗುಳಿದರು. ನಾನು ಶಭಾಷ್ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಸುಮ್ನೆ ಹೊಗಳುತ್ತಿದ್ದೀರಿ ಅಂದರು.

ಸುಮ್ಮನೆ ಹೊಗಳಿದ್ದಲ್ಲ. ನುಂಗಲೇಬೇಕು ಅಂದರೆ ಚೂರು ಬಾಯಿಯೊಳಗೆ ಹೋಗುವುದೇ ಇಲ್ಲ. ಹೋಗದಿದ್ದರೆ ಅಭ್ಯಾಸವೂ ಆಗುವುದಿಲ್ಲ. ಲಿಯಾನ್ ಬರ್ಚ್ ಮತ್ತು ಸಂಗಡಿಗರು 1987ರಲ್ಲಿ ಪುಟ್ಟ ಮಕ್ಕಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಬರೀ ನೋಡಿ ನೋಡಿ ರುಚಿ ಹತ್ತಲಿಲ್ಲ, ನಾಲಿಗೆಗೆ ತಾಗಿದಾಗಲೇ ಹತ್ತಿತು. 2003ರ ಇನ್ನೊಂದು ಅಧ್ಯಯನದಲ್ಲಿ ಮಗುವಿಗೆ ಬೇಡವಾದ ತರಕಾರಿಯನ್ನು ಮನೆಯವರೇ 14 ದಿನ ದಿನಾ ಒಂಚೂರು ರುಚಿ ತೋರಿಸಿದಾಗ ಇಷ್ಟ ಹೆಚ್ಚಿತು. ನನ್ನ ಹತ್ತಿರ ಬರುವ ಅಪ್ಪ ಅಮ್ಮಂದಿರು ಮೂರು ನಾಲ್ಕು ಸಲಕ್ಕೇ ಕೈಬಿಟ್ಟಿರುತ್ತಾರೆ. ಪಾಪ, ದಿನಾ ತಟ್ಟೆ ವಾಪಸ್ ಬಂದರೆ ಯಾರಿಗೆ ಬೇಸರ ಆಗಲ್ಲ ಹೇಳಿ? ಅದಕ್ಕೇ ಅಕ್ಕಿಕಾಳಿನಷ್ಟೇ ಇಡಿ ಅನ್ನುವುದು. ಚೆಲ್ಲಿದರೂ ಹೊಟ್ಟೆ ಉರಿಯುವುದಿಲ್ಲ.

"ಇದು ತಿಂದ್ರೆ ಐಸ್‌ಕ್ರೀಂ ಕೊಡ್ತೀನಿ" ಅನ್ನುವುದು ನನಗೆ ಸೇರುವುದಿಲ್ಲ. 1984ರ ಒಂದು ಪ್ರಯೋಗದಲ್ಲಿ ಹೊಸ ಪಾನೀಯ ಕುಡಿದದ್ದಕ್ಕೆ ಬಹುಮಾನ ಪಡೆದ ಮಕ್ಕಳಿಗೆ ಆ ಪಾನೀಯದ ಮೇಲಿನ ಇಷ್ಟವೇ ಕಡಿಮೆಯಾಯಿತು. ಲಂಚ ಕೊಡುತ್ತಿದ್ದಾರೆ ಅಂದರೆ ಇದು ಕೆಟ್ಟದ್ದೇ ಇರಬೇಕು ಅಂತ ಮಗು ಲೆಕ್ಕ ಹಾಕುತ್ತದೆ ಅಂತ ನನ್ನ ಊಹೆ.

ಕಹಿಯ ವಿಷಯದಲ್ಲಿ ಮಾತ್ರ ಸ್ವಲ್ಪ ದಯೆ ಇರಲಿ. ಕೆಲವು ಕಹಿ ಪದಾರ್ಥಗಳು ಒಬ್ಬರ ನಾಲಿಗೆಗೆ ಘೋರ, ಪಕ್ಕದವರಿಗೆ ಗೊತ್ತೇ ಆಗುವುದಿಲ್ಲ. ಇದು ಹುಟ್ಟಿನ ವ್ಯತ್ಯಾಸ, ಹಟವಲ್ಲ. ಚಿಟಿಕೆ ಉಪ್ಪು ಹಾಕಿದರೆ ಕಹಿ ತಗ್ಗುತ್ತದೆ.

ಈ ಚೂರಿನ ಆಟ ಎಲ್ಲರಿಗೂ ಹೊಂದುವುದಿಲ್ಲ. ತಿಂದಾಗ ತುಟಿ ಊದಿದರೆ, ಗಂಟಲು ತುರಿಸಿದರೆ, ಮೈಮೇಲೆ ದದ್ದು ಎದ್ದರೆ ಅದು ಅಲರ್ಜಿ ಇರಬಹುದು. ಮೊದಲು ವೈದ್ಯರಿಗೆ ತೋರಿಸಿ. ತೂಕ ಇಳಿಯುತ್ತಿದ್ದರೆ, ಮಗು ಬೆಳೆಯದಿದ್ದರೆ, ತಿನ್ನುವ ಪದಾರ್ಥಗಳು ದಿನೇದಿನೇ ಕಡಿಮೆಯಾಗುತ್ತಿದ್ದರೆ ಕೂಡ ಮನೆಮದ್ದು ಸಾಲದು. ಆಹಾರವನ್ನು ಹೀಗೆ ತೀವ್ರವಾಗಿ ದೂರ ಇಡುವುದನ್ನು 2013ರಿಂದ ಮನೋವೈದ್ಯರ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯಾಗಿಯೇ ಗುರುತಿಸಿದ್ದಾರೆ.

ಅಣಬೆಯವರು ಆರನೇ ಸಲಕ್ಕೆ ನುಂಗಿದರು. ಈಗ ಗರಿಯಾಗಿ ಹುರಿದಿದ್ದರೆ ತಿನ್ನುತ್ತಾರೆ, ಸಾರಿನಲ್ಲಿ ತೇಲುತ್ತಿದ್ದರೆ ಬದಿಗಿಡುತ್ತಾರೆ. ಆಮೇಲೆ ಬದನೆಕಾಯಿಗೂ ಕೈ ಹಾಕಿದರು. ಹನ್ನೆರಡು ಸಲ ರುಚಿ ನೋಡಿ, "ಇದು ಬೇಡ ಮೇಡಂ, ಈಗ ತಿಂದೇ ಹೇಳ್ತಿದ್ದೀನಿ" ಅಂದರು. ನಾನು ಒತ್ತಾಯ ಮಾಡಲಿಲ್ಲ. ಆಲಿವ್ ನನಗೂ ಇವತ್ತಿನವರೆಗೆ ಸೇರಿಲ್ಲ.