ಡೊಮಿಯೆ ಚಿತ್ರದ ಹಿಂದೆ ಪತ್ರಿಕೆಯ ಅಕ್ಷರಗಳಿದ್ದರೆ ಅದು ನಕಲಿಯೇ?

ಪ್ರಶ್ನೆ: ಫ್ರೆಂಚ್ ಕಲಾವಿದ ಒನೋರೆ ಡೊಮಿಯೆಯ ಹಳೆಯ ವ್ಯಂಗ್ಯಚಿತ್ರವೆಂದು ಒಂದನ್ನು ಕೊಂಡೆ. ತಿರುಗಿಸಿದರೆ ಹಿಂದೆಲ್ಲ ಫ್ರೆಂಚ್ ಅಕ್ಷರ. ಮೋಸ ಹೋದೆನೇ?

ಉತ್ತರ: ಅಷ್ಟಕ್ಕೇ ಗಾಬರಿ ಬೇಡ. ಡೊಮಿಯೆ (1808–1879) ಬಿಡಿಸಿದ ಸುಮಾರು ನಾಲ್ಕು ಸಾವಿರ ಕಲ್ಲಚ್ಚಿನ (ಲಿಥೋಗ್ರಾಫ್) ಚಿತ್ರಗಳಲ್ಲಿ ಹೆಚ್ಚಿನವು ಬಂದದ್ದು ಪ್ಯಾರಿಸ್ಸಿನ ‘ಲ ಶಾರಿವಾರಿ’ ದಿನಪತ್ರಿಕೆಯಲ್ಲಿ. ನಾಲ್ಕೇ ಪುಟದ ಪತ್ರಿಕೆ. ಮೂರನೆಯ ಪುಟದಲ್ಲಿ ಚಿತ್ರ, ಅದರ ಬೆನ್ನಿಗೆ ನಾಲ್ಕನೆಯ ಪುಟ. ನಿಮಗೆ ಕಂಡ ಅಕ್ಷರಗಳು ಬಹುಶಃ ಅವೇ. ಅದೇ ಚಿತ್ರಗಳನ್ನು ದಪ್ಪ ಬಿಳಿ ಕಾಗದದ ಮೇಲೂ ಅಚ್ಚು ಹಾಕಿ ಬಿಡಿಯಾಗಿ ಮಾರುತ್ತಿದ್ದರು. ಅವುಗಳ ಹಿಂಬದಿ ಖಾಲಿ, ಬೆಲೆಯೂ ಜಾಸ್ತಿ. ನನಗಂತೂ ಪತ್ರಿಕೆಯ ಹಾಳೆಯೇ ಇಷ್ಟ. ಅದನ್ನು ಆ ದಿನ ಯಾರೋ ಓದಿ ನಕ್ಕಿದ್ದಾರೆ.

ಏನು ನೋಡಿ ನಕ್ಕರು? 1853ರ ಒಂದು ಚಿತ್ರವನ್ನೇ ತೆಗೆದುಕೊಳ್ಳಿ. ಆ ವರ್ಷ ಸರ್ಕಾರದ ಪರವಾಗಿ ನಗರದ ಆಡಳಿತ ವಹಿಸಿಕೊಂಡ ಅಧಿಕಾರಿ ಓಸ್ಮಾನ್ ಹಳೆಯ ಪ್ಯಾರಿಸ್ಸನ್ನು ಒಡೆದು ಅಗಲ ರಸ್ತೆ ಮಾಡಲು ಹೊರಟಿದ್ದ. ಚಿತ್ರದಲ್ಲಿ ಮಧ್ಯಮ ವರ್ಗದ ಗಂಡ ಹೆಂಡತಿ ಕೆಡವುತ್ತಿರುವ ಮನೆಯೊಂದನ್ನು ನೋಡುತ್ತಿದ್ದಾರೆ. ‘ಅಡೆಲಾಯಿಡ್, ಅದೇ ನಮ್ಮ ಪ್ರಸ್ತದ ಕೋಣೆ! ಈ ಲಿಮೂಜಾಂನವರಿಗೆ ನೆನಪುಗಳೆಂದರೆ ಕಿಂಚಿತ್ತೂ ಗೌರವವಿಲ್ಲ’ ಎಂಬರ್ಥದ ಮಾತು ಗಂಡನದು. ಲಿಮೂಜಾಂ ಸೀಮೆಯಿಂದ ಗಾರೆ ಕೆಲಸಕ್ಕೆ ಬರುತ್ತಿದ್ದವರ ಮೇಲೆ ಅವನ ಸಿಟ್ಟು. ಮನೆ ಕೆಡವಲು ಹೇಳಿದ ಸರ್ಕಾರದ ಸುದ್ದಿಯೇ ಇಲ್ಲ! ಆ ಮೌನದಲ್ಲೇ ಕುಟುಕಿದೆ ಎಂದು ನನ್ನ ಎಣಿಕೆ. (ಅಡಿಬರಹಗಳನ್ನು ಎಷ್ಟೋ ಸಲ ಪತ್ರಿಕೆಯವರೇ ಬರೆಯುತ್ತಿದ್ದರು, ಹಾಗಾಗಿ ಮಾತಿನ ಶ್ರೇಯವೆಲ್ಲ ಡೊಮಿಯೆಗೆ ಸಲ್ಲದಿರಬಹುದು.)

ಸರ್ಕಾರವನ್ನು ನೇರವಾಗಿ ಕೆಣಕುವಂತಿರಲಿಲ್ಲ. ದೊರೆ ಲೂಯಿ ಫಿಲಿಪ್‌ನನ್ನು ಹೊಟ್ಟೆಬಾಕನಾಗಿ ಬಿಡಿಸಿದ್ದಕ್ಕೆ ಡೊಮಿಯೆ 1832ರಲ್ಲಿ ಜೈಲು ಕಂಡಿದ್ದ. 1835ರ ಕಾನೂನು ಬಂದ ಮೇಲೆ ಪ್ರತಿ ಚಿತ್ರಕ್ಕೂ ಮೊದಲೇ ಅನುಮತಿ ಬೇಕಾಯಿತು. ವಕೀಲರು, ಮನೆ ಮಾಲೀಕರು, ಬಾಡಿಗೆದಾರರು ಅವನ ಕೈಗೆ ಸಿಕ್ಕಿದ್ದು ಹಾಗೆ. 1848ರ ಕ್ರಾಂತಿಯಾದಾಗ ಹಿಡಿತ ಸಡಿಲವಾಯಿತು, ಮೂರನೇ ನೆಪೋಲಿಯನ್ ಬಂದಾಗ ಮತ್ತೆ ಬಿಗಿಯಾಯಿತು.

ಇನ್ನು ನಿಮ್ಮ ಹಾಳೆ. ಹಿಂದಿನ ಅಕ್ಷರಗಳನ್ನೂ ನಕಲು ಮಾಡಬಹುದು, ಆದ್ದರಿಂದ ಭೂತಗನ್ನಡಿ ಹಿಡಿದು ಚಿತ್ರದ ಕಪ್ಪು ಭಾಗ ನೋಡಿ. ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಎಳೆದ ಗೆರೆ ತರಿತರಿಯಾಗಿ, ಅಡ್ಡಾದಿಡ್ಡಿ ಕಣಗಳಾಗಿ ಕಾಣುತ್ತದೆ. ಸಾಲು ಹಿಡಿದು ನಿಂತ ಒಂದೇ ಅಂತರದ ಚುಕ್ಕಿಗಳು ಕಂಡರೆ ಅದು ಫೋಟೊದಿಂದ ತೆಗೆದ ಆಮೇಲಿನ ಮುದ್ರಣ. ಅಸಲಿಯಾಗಿದ್ದರೆ ಫ್ರೇಮ್ ಹಾಕುವವರಿಗೆ ಅಂಚು ಕತ್ತರಿಸಬೇಡಿ ಎಂದು ಒತ್ತಿ ಹೇಳಿ. ಸರಣಿಯ ಹೆಸರು, ಪ್ರಕಾಶಕರ ವಿಳಾಸ ಇರುವುದು ಅಲ್ಲೇ.