ಸ್ಲಿಪ್ಪಿನಲ್ಲಿ ಖಾಲಿ ಬಿಟ್ಟ ತಾರೀಕು

ಕುಂದಾಪುರದಿಂದ ಬೆಳಗಿನ ಬಸ್ಸಿಗೆ ಮಂಗಳೂರಿಗೆ ಬಂದಿದ್ದ ಒಬ್ಬರು ಶರ್ಟಿನ ಜೇಬಿನಿಂದ ಹೆಬ್ಬೆರಳು ಗಾತ್ರದ ಬಾಟಲಿ ತೆಗೆದು ನಮ್ಮ ಲ್ಯಾಬಿನ ಕೌಂಟರಿನ ಮೇಲಿಟ್ಟರು. ಚೂರು ಕೆಡದಂತೆ ಹಾಕುವ ಫಾರ್ಮಲಿನ್ ದ್ರವದ ತಳದಲ್ಲಿ ನಾಲ್ಕೈದು ಕಂದು ಚೂರು; ಅವರ ಹೆಂಡತಿಯ ಗರ್ಭಕೋಶದ ಒಳಪದರ. ಮೂರು ಸಲ ಗರ್ಭ ನಿಂತು ಹೋಗಿತ್ತು. “ಸ್ಕ್ಯಾನಿನಲ್ಲಿ ಎಂತದೂ ಇಲ್ಲ ಅಂತಾರೆ ಮೇಡಂ. ಇಷ್ಟು ಚೂರಲ್ಲಿ ಎಂತ ಗೊತ್ತಾಗ್ತದೆ?”

ಗೊತ್ತಾಗ್ತದೆ. ಆದರೆ ಸ್ಲಿಪ್ಪಿನಲ್ಲಿ ಕೊನೆಯ ಮುಟ್ಟಿನ ತಾರೀಕು ಬರೆಯುವ ಜಾಗ ಖಾಲಿ ಇತ್ತು. ಅವರನ್ನು ಕೂರಿಸಿ ಮನೆಗೆ ಫೋನ್ ಮಾಡಿಸಿದೆ.

ಒಳಪದರದ ದೀರ್ಘಕಾಲದ ಉರಿಯೂತಕ್ಕೆ ಕ್ರಾನಿಕ್ ಎಂಡೋಮೆಟ್ರೈಟಿಸ್ ಎನ್ನುತ್ತೇವೆ. ಎಂಡೋಮೆಟ್ರಿಯೋಸಿಸ್ ಬೇರೆ ಕಾಯಿಲೆ, ಹೆಸರು ಕೇಳಿ ಗಾಬರಿ ಬೇಡ. ಒಳಪದರದ ಈ ಉರಿಯೂತದಲ್ಲಿ ಸಾಮಾನ್ಯವಾಗಿ ಜ್ವರ ಬರುವುದಿಲ್ಲ, ರಕ್ತಪರೀಕ್ಷೆಯೂ ಸರಿಯಿರುತ್ತದೆ. ಮುಟ್ಟಿನ ನಡುವೆ ಸ್ವಲ್ಪ ಕಲೆ, ಕಿಬ್ಬೊಟ್ಟೆಯಲ್ಲಿ ಸಣ್ಣ ನೋವು ಇದ್ದರೂ ಇರಬಹುದು. ಎಷ್ಟೋ ಹೆಂಗಸರಿಗೆ ಅದೂ ಇಲ್ಲ. ಹಿಸ್ಟರೋಸ್ಕೋಪಿ, ಅಂದರೆ ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ, ಮಾಡುವ ಡಾಕ್ಟರಿಗೆ ಕೆಂಪೇರಿದ, ಊದಿಕೊಂಡ ಪದರ, ಒಂದು ಮಿಲಿಮೀಟರಿಗಿಂತಲೂ ಸಣ್ಣ ಪಾಲಿಪ್‌ಗಳು (ಮಾಂಸದ ಮೊಳಕೆಗಳು) ಕಾಣಬಹುದು. ಅಲ್ಲಿ ಹುಟ್ಟಿದ ಅನುಮಾನವನ್ನು ತೀರ್ಮಾನಿಸುವುದು ಬಯಾಪ್ಸಿ, ಅಂದರೆ ಹೀಗೆ ಚೂರು ತೆಗೆದು ಪರೀಕ್ಷಿಸುವುದು.

ಸ್ಲೈಡಿನಲ್ಲಿ ನಾವು ಹುಡುಕುವುದು ಪ್ಲಾಸ್ಮಾ ಕಣವನ್ನು, ಅದು ಬಿಳಿ ರಕ್ತಕಣದ ಒಂದು ಬಗೆ. ಅದರ ಕೋಶಕೇಂದ್ರ ನಡುವೆ ಕೂರದೆ ಒಂದು ಬದಿಗೆ ಸರಿದಿರುತ್ತದೆ. ಕೇಂದ್ರದ ಅಂಚಿನ ಸುತ್ತ ಗಡಿಯಾರದ ಅಂಕಿಗಳಂತೆ ಕಪ್ಪು ಚುಕ್ಕೆಗಳು. ಹೇಳುವಷ್ಟು ಸುಲಭವಾಗಿ ಅದು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಸಿಡಿ138 ಎಂಬ ಬಣ್ಣದ ಪರೀಕ್ಷೆ. ಪ್ಲಾಸ್ಮಾ ಕಣ ಕಂದಾಗಿ ಎದ್ದು ಕಾಣುತ್ತದೆ. ಆದರೆ ಗ್ರಂಥಿಗಳ ಮೇಲ್ಪೊರೆಯೂ ಕಂದಾಗುತ್ತದೆ, ಹಾಗಾಗಿ ಗ್ರಂಥಿಗಳ ನಡುವಿನ ಅಂಗಾಂಶದಲ್ಲಿರುವ ಕಣಗಳನ್ನು ಮಾತ್ರ ಲೆಕ್ಕ ಹಿಡಿಯಬೇಕು. ಎಷ್ಟು ಕಣ ಇದ್ದರೆ ರೋಗ ಎಂಬುದಕ್ಕೆ ಜಗತ್ತಿನಾದ್ಯಂತ ಒಪ್ಪಿದ ಒಂದೇ ಅಂಕಿ ಇನ್ನೂ ಇಲ್ಲ. ಒಂದೇ ಒಂದು ಕಣ ಕಂಡ ಕೂಡಲೇ “ಪಾಸಿಟಿವ್” ಎಂದು ಬರೆದು ಕೈ ತೊಳೆದುಕೊಳ್ಳಲು ನನಗೆ ಮನಸ್ಸು ಒಪ್ಪುವುದಿಲ್ಲ.

ತಾರೀಕು ಬೇಕಾಗುವುದು ಇಲ್ಲೇ. ಮುಟ್ಟು ಹತ್ತಿರವಾದಾಗ ಒಳಪದರ ತಾನಾಗಿಯೇ ಬೇರೆ ಬಿಳಿ ರಕ್ತಕಣಗಳಿಂದ ತುಂಬುತ್ತದೆ, ಪ್ಲಾಸ್ಮಾ ಕಣ ಆ ಗುಂಪಿನಲ್ಲಿ ಮರೆಯಾಗುತ್ತದೆ. ಆದ್ದರಿಂದ ಈ ಪರೀಕ್ಷೆಗೆ ಮುಟ್ಟು ನಿಂತ ಮೇಲಿನ ದಿನಗಳು, ಮುಟ್ಟು ಶುರುವಾದ ದಿನದಿಂದ ಎಣಿಸಿ ಸುಮಾರು ಆರರಿಂದ ಹನ್ನೆರಡನೇ ದಿನದೊಳಗೆ, ಒಳ್ಳೆಯದು. ಗರ್ಭಕೋಶದ ಕ್ಷಯದ ಅನುಮಾನವಿದ್ದರೆ ಲೆಕ್ಕ ತಿರುಗುತ್ತದೆ: ಅದರ ಗಂಟುಗಳು ಬೆಳೆದು ಕಾಣಲು ಮುಟ್ಟಿಗೆ ಮುಂಚಿನ ದಿನಗಳೇ ಬೇಕು. ಜೊತೆಗೆ ಒಂದು ಚೂರನ್ನು ಸಲೈನಿನಲ್ಲೂ ಕಳಿಸಬೇಕು, ಫಾರ್ಮಲಿನ್‌ನಲ್ಲಿ ರೋಗಾಣು ಸತ್ತರೆ ಕಲ್ಚರ್, ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ, ಆಗುವುದಿಲ್ಲ.

ಫೋನಿನಲ್ಲಿ ಆ ಹೆಂಗಸು ಹೇಳಿದ ಲೆಕ್ಕದ ಪ್ರಕಾರ ಚೂರು ತೆಗೆದದ್ದು ಇಪ್ಪತ್ತಾರನೇ ದಿನ. ಸ್ಲೈಡ್ ನೋಡಿದೆ, ಹೌದು ಎನ್ನಲೂ ಇಲ್ಲ ಎನ್ನಲೂ ಆಗಲಿಲ್ಲ. ಹಾಗೆಯೇ ಬರೆದೆ, ಅವರ ಡಾಕ್ಟರಿಗೂ ಫೋನಿನಲ್ಲಿ ಹೇಳಿದೆ. ಸರಿಯಾದ ದಿನ ಮತ್ತೊಮ್ಮೆ ಚೂರು ತೆಗೆಯಿರಿ, ಅಲ್ಲಿವರೆಗೆ ಸುಮ್ಮನೆ ಆ್ಯಂಟಿಬಯಾಟಿಕ್ ಶುರು ಮಾಡಬೇಡಿ ಎಂದೂ ಕೇಳಿಕೊಂಡೆ, ಔಷಧಿ ನುಂಗಿದ ಮೇಲೆ ತೆಗೆದ ಚೂರು ನಮಗೆ ಸುಳ್ಳು ಹೇಳಬಹುದು.

ಮುಂದಿನ ತಿಂಗಳು ಮತ್ತೆ ಬಾಟಲಿ ಬಂತು, ಒಂಬತ್ತನೇ ದಿನದ್ದು. ಗ್ರಂಥಿಗಳ ಪಕ್ಕದಲ್ಲಿ ಗುಂಪುಗುಂಪಾಗಿ ಪ್ಲಾಸ್ಮಾ ಕಣಗಳು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಡಾಕ್ಟರು ಹದಿನಾಲ್ಕು ದಿನ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರು. ಈಗ ಮೂರನೇ ಬಾಟಲಿಗೆ ಕಾಯುತ್ತಿದ್ದೇನೆ, ಆ ಕಣಗಳು ಹೋಗಿವೆಯೇ ಎಂದು ನೋಡಲು.